ಕೀಳು ದರ್ಜೆಯ ಕಲ್ಲಿದ್ದಲಿಗೆ ಯಾವ ಲೋಹ ಬೆರೆಸಿದರೆ ಒಳ್ಳೆ ಗ್ಯಾಸ್ ಬರುತ್ತದೆ?

ಪ್ರಶ್ನೆ: ನಾನು ಕೆಮಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿ. ಊರು ರಾಯಚೂರು. ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಬರುವ ಕಲ್ಲಿದ್ದಲಿನಲ್ಲಿ ಶೇ 35ರಿಂದ 40ರಷ್ಟು ಬರೀ ಬೂದಿಯೇ ಇರುತ್ತದೆ ಅಂತಾರೆ. ಇಂಥ ಕಲ್ಲಿದ್ದಲನ್ನು ಉರಿಸುವ ಬದಲು ಗ್ಯಾಸ್ ಮಾಡಬಹುದು, ಅದಕ್ಕೆ ಪೊಟ್ಯಾಸಿಯಂ, ಕಬ್ಬಿಣ, ನಿಕಲ್ ಇಂಥವನ್ನು ಬೆರೆಸಿದರೆ ಕಡಿಮೆ ಶಾಖದಲ್ಲೇ ಕೆಲಸ ಆಗುತ್ತದೆ ಎಂದು ಓದಿದೆ. ಅಷ್ಟು ಸುಲಭ ಇದ್ದರೆ ಯಾಕೆ ಎಲ್ಲೂ ದೊಡ್ಡದಾಗಿ ನಡೆಯುತ್ತಿಲ್ಲ? ಯಾವ ಲೋಹ ಒಳ್ಳೆಯದು? ಇದನ್ನು ಪ್ರಾಜೆಕ್ಟ್ ಆಗಿ ತಗೋಬಹುದಾ?

ಉತ್ತರ: ತಗೋಬಹುದು, ಖಂಡಿತ. ಆದರೆ ‘ಯಾವ ಲೋಹ ಒಳ್ಳೆಯದು’ ಅನ್ನುವುದಕ್ಕಿಂತ ಮೊದಲು ‘ಯಾವ ಕಲ್ಲಿದ್ದಲು’ ಅಂತ ಕೇಳಬೇಕು. ಕೀಳು ದರ್ಜೆ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದರಲ್ಲಿ ಎರಡು ಜಾತಿ ಇದೆ. ಒಂದು ಒದ್ದೆ ಜಾತಿ. ನೈವೇಲಿಯ ಲಿಗ್ನೈಟ್, ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಸಿಗುವ ಕಂದು ಕಲ್ಲಿದ್ದಲು ಇವೆಲ್ಲ ಹಾಗೆ. ಗಣಿಯಿಂದ ತೆಗೆದಾಗ ಅರ್ಧದಷ್ಟು ನೀರೇ ಇರುತ್ತದೆ, ಬೂದಿ ಮಾತ್ರ ಕಡಿಮೆ. ಇನ್ನೊಂದು ಮಣ್ಣು ಜಾತಿ. ಒಡಿಶಾದ ತಾಲ್ಚೇರ್, ತೆಲಂಗಾಣದ ಸಿಂಗರೇಣಿ ಕಡೆಯಿಂದ ನಿಮ್ಮ ಶಕ್ತಿನಗರಕ್ಕೆ ಬರುವುದು ಇದೇ. ತೇವ ಅಷ್ಟಿಲ್ಲ, ಬೂದಿ ವಿಪರೀತ. ಒಂದು ಜಾತಿಗೆ ವೇಗವರ್ಧಕ, ಅಂದರೆ ಪ್ರತಿಕ್ರಿಯೆಯ ವೇಗ ಹೆಚ್ಚಿಸುವ ವಸ್ತು, ಬೆರೆಸಿದರೆ ಅದ್ಭುತವಾಗಿ ಕೆಲಸ ಮಾಡುತ್ತದೆ. ಇನ್ನೊಂದಕ್ಕೆ ಬೆರೆಸಿದರೆ ಬೆರೆಸಿದ್ದನ್ನೆಲ್ಲ ಬೂದಿಯೇ ತಿಂದುಹಾಕುತ್ತದೆ. ನಿಮ್ಮ ‘ಯಾಕೆ ನಡೆಯುತ್ತಿಲ್ಲ’ ಅನ್ನುವ ಪ್ರಶ್ನೆಗೆ ಉತ್ತರದ ದೊಡ್ಡ ಪಾಲು ಇಲ್ಲೇ ಇದೆ.

ಮೊದಲು ವೇಗವರ್ಧಕ ಯಾಕೆ ಬೇಕು ಅಂತ ನೋಡೋಣ. ಕಲ್ಲಿದ್ದಲನ್ನು ಕಾಯಿಸಿದಾಗ ಟಾರ್, ಎಣ್ಣೆ, ಒಂದಷ್ಟು ಗ್ಯಾಸ್ ಬೇಗ ಹೊರಟುಹೋಗುತ್ತವೆ. ಉಳಿಯುವುದು ಚಾರ್, ಅಂದರೆ ಇಂಗಾಲ ಮತ್ತು ಬೂದಿ. ನಿಜವಾದ ಕಷ್ಟ ಶುರುವಾಗುವುದು ಆಮೇಲೆ. ಇಂಗಾಲ ಹಬೆಯ ಜೊತೆ ಸೇರಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಆಗಬೇಕು. ಇದಕ್ಕೆ ಪ್ರತಿ ಮೋಲ್ ಇಂಗಾಲಕ್ಕೆ ಸುಮಾರು 131 ಕಿಲೋಜೌಲ್ ಶಾಖ ಒಳಗೆ ಕೊಡಬೇಕು. ಹಬೆಯ ಬದಲು ಕಾರ್ಬನ್ ಡೈಆಕ್ಸೈಡ್ ಆದರೆ ಸುಮಾರು 172. ಶಾಖ ಕೊಟ್ಟರೂ ಪ್ರತಿಕ್ರಿಯೆ ನಿಧಾನ. ಏನೂ ಬೆರೆಸದಿದ್ದರೆ, ಕೆಲಸಕ್ಕೆ ಬರುವಷ್ಟು ವೇಗ ಸಿಗಲು ಸಾಮಾನ್ಯವಾಗಿ 900 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಮೇಲೆ ಹೋಗಬೇಕು.

ಪೊಟ್ಯಾಸಿಯಂ ಕಾರ್ಬೊನೇಟ್ ಬೆರೆಸಿದರೆ 700 ಡಿಗ್ರಿಯ ಹತ್ತಿರವೇ ಕೆಲಸ ಆಗುತ್ತದೆ. ಇದು ಹೊಸ ವಿಷಯವೇನಲ್ಲ. ಟೇಲರ್ ಮತ್ತು ನೆವಿಲ್ ಎಂಬ ಇಬ್ಬರು 1921ರಲ್ಲೇ ಹಬೆ ಮತ್ತು ಇಂಗಾಲದ ಪ್ರತಿಕ್ರಿಯೆಗೆ ಬೇರೆ ಬೇರೆ ಲವಣಗಳನ್ನು ಬೆರೆಸಿ ನೋಡಿದ್ದರು. ಅವರಿಗೆ ಚೆನ್ನಾಗಿ ಕೆಲಸ ಮಾಡಿ ತೋರಿಸಿದ್ದರಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಮುಖ್ಯವಾದದ್ದು. ಶತಮಾನ ಕಳೆದರೂ ಅದರ ಹೆಸರು ಪಟ್ಟಿಯ ಮೇಲೇ ಇದೆ.

ಒಳಗೆ ನಡೆಯುವುದು ಹೀಗೆ. ಲವಣ ಇಂಗಾಲದ ಮೈಮೇಲೆ ಹರಡಿಕೊಳ್ಳುತ್ತದೆ. ಇಂಗಾಲವೇ ಅದನ್ನು ಭಾಗಶಃ ಅಪಕರ್ಷಿಸುತ್ತದೆ, ಅಂದರೆ ಅದರ ಆಕ್ಸಿಜನ್ ಕಿತ್ತುಕೊಳ್ಳುತ್ತದೆ. ಪೊಟ್ಯಾಸಿಯಂ, ಆಕ್ಸಿಜನ್, ಇಂಗಾಲ ಮೂರೂ ಸೇರಿದ ಒಂದು ಕೊಂಡಿ ಮೇಲ್ಮೈಯಲ್ಲಿ ಉಂಟಾಗುತ್ತದೆ. ಈ ಪೊಟ್ಯಾಸಿಯಂ ಹಬೆಯಿಂದ ಆಕ್ಸಿಜನ್ ಕಿತ್ತುಕೊಂಡು ಪಕ್ಕದ ಇಂಗಾಲಕ್ಕೆ ದಾಟಿಸುತ್ತದೆ. ಇಂಗಾಲ ಆ ಆಕ್ಸಿಜನ್ ಜೊತೆ ಕಾರ್ಬನ್ ಮಾನಾಕ್ಸೈಡ್ ಆಗಿ ಎದ್ದುಹೋಗುತ್ತದೆ. ಪೊಟ್ಯಾಸಿಯಂ ಖಾಲಿ ಕೈಯಲ್ಲಿ ಮತ್ತೆ ಹಬೆಯ ಕಡೆ ತಿರುಗುತ್ತದೆ. ಗ್ರಾಫೈಟ್ ಮೇಲೆ ವೇಗವರ್ಧಕದ ಕಣ ಇಟ್ಟು, ಕಾಯಿಸುತ್ತಲೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದವರಿದ್ದಾರೆ. ಕಣ ನಿಂತಲ್ಲಿ ನಿಲ್ಲುವುದಿಲ್ಲ. ಅಂಚಿನಿಂದ ಒಳಗೆ ಇಂಗಾಲವನ್ನು ಕೊರೆಯುತ್ತಾ ಸಾಗುತ್ತದೆ, ಹಿಂದೆ ಒಂದು ಕಾಲುವೆ ಉಳಿಯುತ್ತದೆ. ಈ ಓಡಾಟವೇ ಮುಖ್ಯ. ಚಾರ್ ಕರಗುತ್ತಾ ಹೋದ ಹಾಗೆ ಪೊಟ್ಯಾಸಿಯಂ ಹೊಸ ಮೇಲ್ಮೈಗೆ ಸರಿದು ಮತ್ತೆ ಹರಡಿಕೊಳ್ಳುತ್ತದೆ. ಅದಕ್ಕೇ ಕೊನೆಯ ತುಣುಕಿನವರೆಗೂ ಅದರ ಕಸುವು ಕುಗ್ಗುವುದು ಕಡಿಮೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ. ವೇಗವರ್ಧಕ ಸಮತೋಲನವನ್ನು, ಅಂದರೆ ಪ್ರತಿಕ್ರಿಯೆ ಕೊನೆಗೆ ಎಲ್ಲಿ ಹೋಗಿ ನಿಲ್ಲುತ್ತದೆ ಅನ್ನುವುದನ್ನು, ಬದಲಿಸುವುದಿಲ್ಲ. 131 ಕಿಲೋಜೌಲ್ ಕೊಡಬೇಕಾದಲ್ಲಿ ಅಷ್ಟನ್ನೂ ಕೊಡಲೇಬೇಕು. ಲಾಭ ಬರುವುದು ಬೇರೆ ದಾರಿಯಿಂದ. ಕಡಿಮೆ ಶಾಖದಲ್ಲಿ ಕೆಲಸ ಆಗುವುದರಿಂದ, ಆ ಶಾಖದಲ್ಲಿ ಯಾವುದಕ್ಕೆ ಸಮತೋಲನ ಅನುಕೂಲವಾಗಿದೆಯೋ ಅದನ್ನು ಪಡೆಯಬಹುದು. 700 ಡಿಗ್ರಿಯ ಹತ್ತಿರ, ಒತ್ತಡವೂ ಜಾಸ್ತಿ ಇದ್ದರೆ, ಮೀಥೇನ್ ಚೆನ್ನಾಗಿ ಆಗುತ್ತದೆ. ಮೀಥೇನ್ ಆಗುವಾಗ ಶಾಖ ಹೊರಬರುತ್ತದೆ. ಆ ಶಾಖ ಹಬೆಯ ಪ್ರತಿಕ್ರಿಯೆಗೆ ಅಲ್ಲೇ ಸಿಗುತ್ತದೆ. ಎಲ್ಲ ಕೂಡಿಸಿ ನೋಡಿದರೆ ಎರಡು ಇಂಗಾಲ, ಎರಡು ನೀರು ಸೇರಿ ಒಂದು ಮೀಥೇನ್, ಒಂದು ಕಾರ್ಬನ್ ಡೈಆಕ್ಸೈಡ್. ಇಷ್ಟಕ್ಕೂ ಹೊರಗಿನಿಂದ ಬೇಕಾದ ಶಾಖ ಬಹಳ ಕಡಿಮೆ. ಆಕ್ಸಿಜನ್ ಪ್ಲಾಂಟ್ ಬೇಕಾಗುವುದಿಲ್ಲ.

ಈ ಲೆಕ್ಕವನ್ನೇ ನೆಚ್ಚಿ ಎಕ್ಸಾನ್ ಕಂಪನಿ 1970ರ ದಶಕದಲ್ಲಿ ಅಮೆರಿಕದ ಟೆಕ್ಸಾಸ್‌ನ ಬೇಟೌನ್‌ನಲ್ಲಿ ಕೆಲಸ ಶುರು ಮಾಡಿತು. ಇಲಿನಾಯ್ ಕಲ್ಲಿದ್ದಲನ್ನು ಪೊಟ್ಯಾಸಿಯಂ ದ್ರಾವಣದಲ್ಲಿ ನೆನೆಸಿ ಒಣಗಿಸಿ, 700 ಡಿಗ್ರಿಯ ಆಸುಪಾಸು, ಸುಮಾರು 35 ವಾತಾವರಣದ ಒತ್ತಡದಲ್ಲಿ, ಕೆಳಗಿನಿಂದ ಊದಿದ ಗ್ಯಾಸಿನಲ್ಲಿ ಕಣಗಳು ತೇಲಾಡುವ ಫ್ಲೂಯಿಡೈಸ್ಡ್ ಬೆಡ್‌ಗೆ ಬಿಡುತ್ತಿದ್ದರು. ದಿನಕ್ಕೆ ಒಂದು ಟನ್ ಅಳತೆಯ ಘಟಕವನ್ನು ನಡೆಸಿ ತೋರಿಸಿದರು. ರಸಾಯನಶಾಸ್ತ್ರದಲ್ಲಿ ಗೆದ್ದರು. ಅವರನ್ನು ಕಾಡಿದ್ದು ಕೊನೆಯ ಹಂತ, ಅಂದರೆ ಬೂದಿಯಿಂದ ಪೊಟ್ಯಾಸಿಯಂ ವಾಪಸ್ ಪಡೆಯುವುದು. ಒಂದು ಪಾಲು ನೀರಿನಲ್ಲಿ ತೊಳೆದರೆ ಬರುತ್ತಿತ್ತು. ಉಳಿದದ್ದು ನೀರಿಗೆ ಬಗ್ಗಲಿಲ್ಲ, ಸುಣ್ಣದ ಜೊತೆ ಬಿಸಿ ನೀರಿನಲ್ಲಿ ಕುದಿಸಿ ಬಿಡಿಸಬೇಕಾಯಿತು. ಅದಕ್ಕೇ ಬೇರೆ ಖರ್ಚು. 1980ರ ದಶಕದಲ್ಲಿ ಎಣ್ಣೆಯ ಬೆಲೆ ಬಿದ್ದ ಮೇಲೆ ಆ ಪ್ರಕ್ರಿಯೆ ವಾಣಿಜ್ಯ ಮಟ್ಟಕ್ಕೆ ಹೋಗಲಿಲ್ಲ.

ಅವರ ಕಲ್ಲಿದ್ದಲಿನಲ್ಲಿ ಬೂದಿ ಇದ್ದದ್ದು ಶೇ 10ರ ಸುಮಾರಿಗೆ. ಈಗ ನಮ್ಮದಕ್ಕೆ ಬನ್ನಿ.

ಪೆನ್ನು ತಗೊಂಡು ನೀವೇ ಲೆಕ್ಕ ಮಾಡಿ. ಬೂದಿಯಲ್ಲಿ ಮುಖ್ಯವಾಗಿ ಇರುವುದು ಮರಳು ಮತ್ತು ಜೇಡಿ. ಜೇಡಿಯಲ್ಲಿ ಹೆಚ್ಚಿನದು ಕೆಯೋಲಿನೈಟ್. ಕಾದ ಮೇಲೆ ಅದು ನೀರು ಕಳೆದುಕೊಂಡು ಮೆಟಾಕೆಯೋಲಿನ್ ಆಗುತ್ತದೆ. ಒಂದು ಮೋಲ್ ಮೆಟಾಕೆಯೋಲಿನ್ 222 ಗ್ರಾಂ, ಅದು ಒಂದು ಮೋಲ್ ಪೊಟ್ಯಾಸಿಯಂ ಕಾರ್ಬೊನೇಟ್, ಅಂದರೆ 138 ಗ್ರಾಂ, ಹಿಡಿದುಕೊಂಡು ಪೊಟ್ಯಾಸಿಯಂ ಅಲ್ಯುಮಿನೊಸಿಲಿಕೇಟ್ ಆಗುತ್ತದೆ. ಕಾಲಿಯೊಫಿಲೈಟ್ ಅಂತ ಅದರ ಖನಿಜದ ಹೆಸರು. ಇದು ನೀರಿನಲ್ಲಿ ಕರಗುವುದಿಲ್ಲ, ವೇಗವರ್ಧಕವಾಗಿಯೂ ಕೆಲಸಕ್ಕೆ ಬಾರದು. ಅಂದರೆ ಒಂದು ಕಿಲೋ ಮೆಟಾಕೆಯೋಲಿನ್ 620 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟನ್ನು ನುಂಗಬಲ್ಲದು.

ಶೇ 40 ಬೂದಿ ಇರುವ ಒಂದು ಟನ್ ಕಲ್ಲಿದ್ದಲು ತಗೊಳ್ಳಿ. ಬೂದಿ 400 ಕಿಲೋ. ಅದರಲ್ಲಿ ಅರ್ಧ ಜೇಡಿಯಿಂದ ಬಂದದ್ದು ಎಂದುಕೊಂಡರೆ 200 ಕಿಲೋ. ಪೂರ್ತಿ ಪ್ರತಿಕ್ರಿಯಿಸಿದರೆ ನುಂಗುವುದು 124 ಕಿಲೋ ಪೊಟ್ಯಾಸಿಯಂ ಕಾರ್ಬೊನೇಟ್. ಇಂಥ ಕಲ್ಲಿದ್ದಲಿನ ಚಾರ್‌ನಲ್ಲಿ ಇರುವ ಇಂಗಾಲವೇ 300 ಕಿಲೋ ಆಸುಪಾಸು! 300 ಕಿಲೋ ಇಂಗಾಲಕ್ಕೆ 124 ಕಿಲೋ ವೇಗವರ್ಧಕ ಬರೀ ಜೇಡಿಗೆ ಬಲಿ. ಇದಾದ ಮೇಲೆ ಮಿಕ್ಕಿದ್ದು ಮಾತ್ರ ಇಂಗಾಲದ ಜೊತೆ ಕೆಲಸ ಮಾಡುತ್ತದೆ. ನಮ್ಮ ದೇಶ ಪೊಟ್ಯಾಷ್ ಗೊಬ್ಬರವನ್ನೇ ಹೆಚ್ಚುಕಡಿಮೆ ಪೂರ್ತಿ ಹೊರಗಿನಿಂದ ತರಿಸುತ್ತದೆ. ಹೊಲಕ್ಕೆ ಬೇಕಾದ ಪೊಟ್ಯಾಸಿಯಂ ಹೀಗೆ ಬೂದಿಗುಂಡಿಗೆ ಹೋಗುವುದು ನನಗಂತೂ ಒಪ್ಪಿಗೆಯಿಲ್ಲ.

ಅದೇ ಲೆಕ್ಕವನ್ನು ಶೇ 5 ಬೂದಿಯ ಒಂದು ಟನ್ ಲಿಗ್ನೈಟಿಗೆ ಹಾಕಿ. ಬೂದಿ 50 ಕಿಲೋ, ಜೇಡಿ 25 ಕಿಲೋ, ನಷ್ಟ ಸುಮಾರು 15 ಕಿಲೋ. ಕತೆಯೇ ಬದಲಾಯಿತು, ಅಲ್ವಾ?

‘ಕಲ್ಲಿದ್ದಲನ್ನು ಮೊದಲು ತೊಳೆದು ಬೂದಿ ತೆಗೆದರಾಯಿತು’ ಅಂತ ನಿಮಗೆ ಅನ್ನಿಸಬಹುದು. ತಾಲ್ಚೇರ್, ಸಿಂಗರೇಣಿಯಂಥ ನಮ್ಮ ಗೊಂಡ್ವಾನ ಕಲ್ಲಿದ್ದಲಿನಲ್ಲಿ ಅದು ಕಷ್ಟ. ನೀರು ಹೊತ್ತು ತಂದ ಗಿಡಮರಗಳ ಜೊತೆ ಮಣ್ಣು, ಮರಳು ಕೂಡಿಕೊಂಡೇ ಅದು ಪದರ ಪದರವಾಗಿ ಕುಳಿತದ್ದು. ಖನಿಜ ಇಂಗಾಲದೊಳಗೆ ಸಣ್ಣ ಸಣ್ಣ ಕಣವಾಗಿ ಹೂತುಹೋಗಿದೆ. ತೊಳೆದರೆ ಒಂದಿಷ್ಟು ಇಳಿಯುತ್ತದೆ. ಇನ್ನೂ ಇಳಿಸಬೇಕೆಂದರೆ ಇಂಗಾಲವೂ ಜೊತೆಗೇ ಹೋಗುತ್ತದೆ.

ಬೂದಿ ಜಾಸ್ತಿ ಇದ್ದಲ್ಲಿ ಪೊಟ್ಯಾಸಿಯಂ, ಸೋಡಿಯಂ ಸೇರಿದರೆ ಇನ್ನೂ ಒಂದು ತಾಪತ್ರಯ. ಬೂದಿ ಮೆತ್ತಗಾಗುವ ಶಾಖ ಇಳಿಯುತ್ತದೆ. ಫ್ಲೂಯಿಡೈಸ್ಡ್ ಬೆಡ್‌ನಲ್ಲಿ ಕಣಗಳು ಅಂಟಿಕೊಂಡು ಗಟ್ಟಿಯಾಗುತ್ತವೆ, ಬೆಡ್ ಕೂತುಬಿಡುತ್ತದೆ. ಒಳಗಿನ ಶಾಖನಿರೋಧಕ ಇಟ್ಟಿಗೆಯನ್ನೂ ಕ್ಷಾರ ಬಿಡದೆ ಕೊರೆಯುತ್ತದೆ.

ಈಗ ಒದ್ದೆ ಜಾತಿಗೆ ಬರೋಣ. ನನಗೆ ಬಹಳ ಇಷ್ಟದ ವಿಷಯ ಇದು. ಲಿಗ್ನೈಟ್ ವಯಸ್ಸಿನಲ್ಲಿ ಚಿಕ್ಕದು. ಅದರ ರಚನೆಯಲ್ಲಿ ಆಕ್ಸಿಜನ್ ಜಾಸ್ತಿ, ಕಾರ್ಬಾಕ್ಸಿಲ್ ಗುಂಪುಗಳು ಧಾರಾಳ. ಈ ಗುಂಪುಗಳು ಆಮ್ಲದ ಹಾಗೆ ತಮ್ಮ ಹೈಡ್ರೋಜನ್ ಬಿಟ್ಟುಕೊಟ್ಟು ಕ್ಯಾಲ್ಸಿಯಂ, ಸೋಡಿಯಂ, ಮೆಗ್ನೀಸಿಯಂ ಅಯಾನುಗಳನ್ನು ಹಿಡಿದುಕೊಳ್ಳುತ್ತವೆ. ಲೋಹ ಒಂದೊಂದೇ ಅಯಾನಾಗಿ ಇಂಗಾಲದ ನಡುವೆ ಕೂತಿರುತ್ತದೆ. ಇದಕ್ಕಿಂತ ನಯವಾಗಿ ಲೋಹವನ್ನು ಹರಡುವ ದಾರಿ ಇನ್ನೊಂದಿಲ್ಲ. ಹಾಗಾಗಿ ಏನೂ ಬೆರೆಸದ ಲಿಗ್ನೈಟ್ ಕೂಡ ಬೇಗ ಗ್ಯಾಸ್ ಆಗುತ್ತದೆ, ಅದರೊಳಗೇ ವೇಗವರ್ಧಕ ಇದೆ. ಇದನ್ನು ಪರೀಕ್ಷಿಸುವುದು ಸುಲಭ. ಲಿಗ್ನೈಟ್ ಪುಡಿಯನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆಯಿರಿ. ಕ್ಯಾಲ್ಸಿಯಂ, ಸೋಡಿಯಂ ಹೊರಟುಹೋಗುತ್ತವೆ. ಆಮೇಲೆ ಚಾರ್ ಮಾಡಿ ನೋಡಿದರೆ ವೇಗ ಬಿದ್ದುಹೋಗಿರುತ್ತದೆ. ತೊಳೆದ ಅದೇ ಪುಡಿಗೆ ಕ್ಯಾಲ್ಸಿಯಂ ಅಸಿಟೇಟ್ ದ್ರಾವಣದಲ್ಲಿ ಮತ್ತೆ ಕ್ಯಾಲ್ಸಿಯಂ ಕೂರಿಸಿದರೆ ವೇಗ ಮರಳುತ್ತದೆ.

ಕ್ಯಾಲ್ಸಿಯಂ ಅಗ್ಗ. ಸುಣ್ಣದ ತಿಳಿನೀರಲ್ಲಿ ಅದ್ದಿದರೂ ಲಿಗ್ನೈಟ್ ಅದನ್ನು ಹಿಡಿದುಕೊಳ್ಳುತ್ತದೆ. ವಾಪಸ್ ಪಡೆಯುವ ಗೋಜಿಲ್ಲ, ಬೂದಿಯ ಜೊತೆ ಹೋದರೆ ಹೋಗಲಿ. ಗಂಧಕವನ್ನೂ ಒಂದಿಷ್ಟು ಹಿಡಿಯುತ್ತದೆ, ಆದರೆ ಹಾಗೆ ಗಂಧಕ ಹಿಡಿದ ಕ್ಯಾಲ್ಸಿಯಂ ವೇಗವರ್ಧಕವಾಗಿ ಉಳಿಯುವುದಿಲ್ಲ. ಅದರ ದೊಡ್ಡ ದೌರ್ಬಲ್ಯ ಬೇರೆ ಇದೆ. ಪೊಟ್ಯಾಸಿಯಂ ಹಾಗೆ ಅದು ಓಡಾಡುವುದಿಲ್ಲ. ಇಂಗಾಲ ಕಡಿಮೆಯಾದಂತೆ ಕ್ಯಾಲ್ಸಿಯಂ ಆಕ್ಸೈಡ್ ಕಣಗಳು ಒಂದಕ್ಕೊಂದು ಕೂಡಿ ದಪ್ಪವಾಗುತ್ತವೆ. ಮೊದಲು ಜೋರಾಗಿ ಓಡಿದ ಪ್ರತಿಕ್ರಿಯೆ ಅರ್ಧ ದಾರಿ ದಾಟಿದ ಮೇಲೆ ಕುಂಟುತ್ತದೆ. ಶಾಖ ಹೆಚ್ಚಾದಷ್ಟೂ ಇದು ಬೇಗ ಆಗುತ್ತದೆ. ವಯಸ್ಸಾದ, ಗಟ್ಟಿ ಕಲ್ಲಿದ್ದಲಿನಲ್ಲಿ ಕಾರ್ಬಾಕ್ಸಿಲ್ ಗುಂಪುಗಳೇ ಇಲ್ಲದಷ್ಟು ಕಡಿಮೆ. ಅಲ್ಲಿ ಸುಣ್ಣದ ಪುಡಿ ಸುಮ್ನೆ ಕಲಸಿದರೆ ಹೆಚ್ಚು ಪ್ರಯೋಜನ ಆಗುವುದಿಲ್ಲ.

ಕಬ್ಬಿಣದ ಬಗ್ಗೆ ನೀವು ಕೇಳಿದಿರಿ. ಬಳ್ಳಾರಿ ಪಕ್ಕದಲ್ಲೇ ಇದೆ, ಅದಿರಿನ ಪುಡಿಗೆ ಬರವಿಲ್ಲ, ಆಸೆ ಸಹಜ. ಕಬ್ಬಿಣ ಕೆಲಸ ಮಾಡುತ್ತದೆ, ಎರಡು ಷರತ್ತಿನ ಮೇಲೆ. ಒಂದು, ಅದು ಅಪಕರ್ಷಿತ ರೂಪದಲ್ಲಿರಬೇಕು, ಲೋಹವಾಗಿ ಇದ್ದಾಗಲೇ ಚುರುಕು. ಹಬೆ ಜಾಸ್ತಿಯಾದರೆ ಮ್ಯಾಗ್ನಟೈಟ್ ಎಂಬ ಆಕ್ಸೈಡ್ ಆಗಿ ಮಂಕಾಗುತ್ತದೆ. ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್ ಸಾಕಷ್ಟಿದ್ದರೆ ಮತ್ತೆ ಚೇತರಿಸಿಕೊಳ್ಳುತ್ತದೆ. ಎರಡು, ಬಹಳ ಸಣ್ಣ ಕಣವಾಗಿ ಹರಡಿರಬೇಕು. ಲವಣದ ದ್ರಾವಣದಿಂದ ಲಿಗ್ನೈಟಿನೊಳಗೆ ಇಳಿಸಿದ ಕಬ್ಬಿಣಕ್ಕೂ, ಒಣ ಅದಿರಿನ ಪುಡಿ ಬೆರೆಸಿದ್ದಕ್ಕೂ ಅಜಗಜಾಂತರ. ಅದಿರಿನ ಪುಡಿ ಚಾರ್‌ಗಿಂತ ಟಾರ್ ಒಡೆಯುವುದಕ್ಕೆ ಹೆಚ್ಚು ಉಪಯೋಗ. ಅಲ್ಯೂಮಿನಿಯಂ ಕಾರ್ಖಾನೆಗಳ ಕೆಂಪು ಕೆಸರಿನಲ್ಲಿ ಕಬ್ಬಿಣ, ಸೋಡಿಯಂ ಎರಡೂ ಇರುವುದರಿಂದ ಅದನ್ನೂ ಜನ ಪ್ರಯತ್ನಿಸಿದ್ದಾರೆ.

ನಿಕಲ್ ಈ ಎಲ್ಲದಕ್ಕಿಂತ ಚುರುಕು. ಕಂದು ಕಲ್ಲಿದ್ದಲಿಗೆ ಚೆನ್ನಾಗಿ ಕೂರಿಸಿದರೆ 600 ಡಿಗ್ರಿಯೊಳಗೇ ಕೆಲಸ ಶುರುವಾಗುತ್ತದೆ. ಆದರೆ ದುಬಾರಿ, ಮೇಲಾಗಿ ಗಂಧಕ ಕಂಡರೆ ಸತ್ತುಹೋಗುತ್ತದೆ. ಕಲ್ಲಿದ್ದಲಿನೊಳಗೆ ಬೆರೆಸಿ ಬೂದಿಗೆ ಕಳೆದುಕೊಳ್ಳುವ ವಸ್ತು ಅದಲ್ಲ. ಗ್ಯಾಸಿನಿಂದ ಗಂಧಕ ತೆಗೆದ ಮೇಲೆ, ಮುಂದಿನ ಪಾತ್ರೆಯಲ್ಲಿ ಮೀಥೇನ್ ಮಾಡಲು ಇಡುವುದೇ ಅದಕ್ಕೆ ಸರಿಯಾದ ಜಾಗ. ಅಮೆರಿಕದ ನಾರ್ತ್ ಡಕೋಟಾದಲ್ಲಿ 1984ರಲ್ಲಿ ಶುರುವಾದ ಗ್ರೇಟ್ ಪ್ಲೇನ್ಸ್ ಕಾರ್ಖಾನೆ ಹೀಗೇ ಮಾಡಿದ್ದು. ಲಿಗ್ನೈಟನ್ನು ಏನೂ ಬೆರೆಸದೆ ಲುರ್ಗಿ ಎಂಬ ಬಗೆಯ ಗ್ಯಾಸಿಫೈಯರ್‌ನಲ್ಲಿ ಗ್ಯಾಸ್ ಮಾಡಿ, ಶುದ್ಧ ಮಾಡಿ, ಆಮೇಲೆ ನಿಕಲ್ ಮೇಲೆ ಹಾಯಿಸಿ ಮೀಥೇನ್.

‘ಯಾಕೆ ನಡೆಯುತ್ತಿಲ್ಲ’ ಎಂಬುದಕ್ಕೆ ಇನ್ನೂ ಒಂದು ಕಾರಣ ಇದೆ. ಇವತ್ತು ಜಗತ್ತಿನ ದೊಡ್ಡ ಗ್ಯಾಸಿಫೈಯರ್‌ಗಳಲ್ಲಿ ಬಹಳಷ್ಟು ಎಂಟ್ರೈನ್ಡ್ ಫ್ಲೋ ಜಾತಿಯವು. ನುಣ್ಣಗಿನ ಪುಡಿಯನ್ನು ಆಕ್ಸಿಜನ್ ಜೊತೆ ಊದಿ, 1,400 ಡಿಗ್ರಿಯ ಆಸುಪಾಸು ಅಥವಾ ಅದಕ್ಕೂ ಮೇಲೆ, ಕೆಲವೇ ಸೆಕೆಂಡಿನಲ್ಲಿ ಮುಗಿಸುತ್ತಾರೆ. ಅಷ್ಟು ಬಿಸಿಯಲ್ಲಿ ರಾಸಾಯನಿಕ ಕ್ರಿಯೆ ತಾನಾಗೇ ವೇಗ. ತಡೆಯುವುದು ಕಣದವರೆಗೆ ಗ್ಯಾಸ್ ಹೋಗಿ ಸೇರುವ ವೇಗ. ಅದಕ್ಕೆ ಯಾವ ಲೋಹವೂ ಏನೂ ಮಾಡಲಾರದು. ವೇಗವರ್ಧಕಕ್ಕೆ ಅರ್ಥ ಇರುವುದು 600ರಿಂದ 950 ಡಿಗ್ರಿಯೊಳಗೆ ನಡೆಯುವ ಫ್ಲೂಯಿಡೈಸ್ಡ್ ಬೆಡ್‌ನಲ್ಲಿ. ಹಾಗೆ ನೋಡಿದರೆ ನಮ್ಮ ಬೂದಿಗೆ ಹೊಂದುವುದೂ ಅದೇ. ನಮ್ಮ ಬೂದಿ ಕರಗಲು ಬಹಳ ಶಾಖ ಬೇಕು, ಅಷ್ಟೊಂದು ಬೂದಿಯನ್ನು ಕರಗಿಸಿ ಹರಿಸುವುದೇ ದಂಡ. ಬಿಎಚ್‌ಇಎಲ್ ತಿರುಚಿರಾಪಳ್ಳಿಯಲ್ಲೂ ಹೈದರಾಬಾದ್‌ನಲ್ಲೂ ನಮ್ಮ ಕಲ್ಲಿದ್ದಲಿಗೆ ಫ್ಲೂಯಿಡೈಸ್ಡ್ ಬೆಡ್ ಹಾದಿಯನ್ನೇ ಹಿಡಿದದ್ದು. 2030ರ ಹೊತ್ತಿಗೆ ವರ್ಷಕ್ಕೆ 10 ಕೋಟಿ ಟನ್ ಕಲ್ಲಿದ್ದಲನ್ನು ಗ್ಯಾಸ್ ಮಾಡಬೇಕು ಅನ್ನುವ ಗುರಿ ಕೇಂದ್ರ ಸರ್ಕಾರಕ್ಕಿದೆ, ಅದಕ್ಕಾಗಿ 2024ರ ಜನವರಿಯಲ್ಲಿ 8,500 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆಗೂ ಒಪ್ಪಿಗೆ ಸಿಕ್ಕಿದೆ. ಹಾಗಾಗಿ ನಿಮ್ಮ ಪ್ರಶ್ನೆ ಬರೀ ಪುಸ್ತಕದ್ದಲ್ಲ.

ಪ್ರಾಜೆಕ್ಟಿಗೆ ಏನು ಮಾಡಬಹುದು? ನನ್ನ ಸಲಹೆ, ಕೊಂಡು ತಂದ ಪೊಟ್ಯಾಸಿಯಂ ಬಿಟ್ಟು, ಬೆಳೆಯ ಕಸದಲ್ಲಿರುವ ಪೊಟ್ಯಾಸಿಯಂ ನೋಡಿ. ನಿಮ್ಮ ಕಡೆ ಹತ್ತಿ ಕಟ್ಟಿಗೆ ರಾಶಿ ರಾಶಿ. ಚಿಕ್ಕಮಗಳೂರು, ಕೊಡಗಿನಲ್ಲಿ ಕಾಫಿ ಸಿಪ್ಪೆ. ಇವುಗಳ ಬೂದಿಯಲ್ಲಿ ಪೊಟ್ಯಾಸಿಯಂ ಚೆನ್ನಾಗಿದೆ. ಕಲ್ಲಿದ್ದಲಿನ ಜೊತೆ ಸೇರಿಸಿ ಗ್ಯಾಸ್ ಮಾಡಿದರೆ ಪೊಟ್ಯಾಸಿಯಂ ಚಾರ್ ಕಡೆಗೂ ದಾಟುತ್ತದೆ. ಜೇಡಿ ಇದನ್ನೂ ನುಂಗುತ್ತದೆ, ನಿಜ. ಆದರೆ ದುಡ್ಡು ಕೊಟ್ಟು ತಂದದ್ದಲ್ಲವಾದ್ದರಿಂದ ವಾಪಸ್ ಪಡೆಯುವ ಹಟ ಬೇಕಿಲ್ಲ. ಸಿಂಧನೂರು, ಗಂಗಾವತಿಯ ಭತ್ತದ ಹೊಟ್ಟು ಮಾತ್ರ ಇದಕ್ಕೆ ಬೇಡ. ಅದರ ಬೂದಿಯಲ್ಲಿ ಶೇ 90ರ ಹತ್ತಿರ ಸಿಲಿಕಾ. ಇದ್ದ ಪೊಟ್ಯಾಸಿಯಂ ಅನ್ನು ಅದೇ ಕಟ್ಟಿಹಾಕುತ್ತದೆ.

ಕಾಲೇಜಿನಲ್ಲಿ ಥರ್ಮೋಗ್ರಾವಿಮೆಟ್ರಿ ಯಂತ್ರ, ಅಂದರೆ ಕಾಯಿಸುತ್ತಲೇ ಮಾದರಿಯ ತೂಕ ಅಳೆಯುವ ಯಂತ್ರ, ಇದ್ದರೆ ಸಾಕು. ಒಂದೇ ಕಲ್ಲಿದ್ದಲಿನ ಮೂರು ಮಾದರಿ ಮಾಡಿ: ಹಾಗೇ ಇದ್ದದ್ದು, ಆಮ್ಲದಲ್ಲಿ ತೊಳೆದದ್ದು, ವೇಗವರ್ಧಕ ಬೆರೆಸಿದ್ದು. ಇದರ ಪಕ್ಕದಲ್ಲಿ ನೈವೇಲಿ ಲಿಗ್ನೈಟಿನ ಮೂರು ಮಾದರಿ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಎಲ್ಲರೂ ಕಾರ್ಬನ್ ಡೈಆಕ್ಸೈಡಿನಲ್ಲಿ ಮಾತ್ರ ಪ್ರಯೋಗ ಮಾಡಿ ನಿಲ್ಲಿಸುತ್ತಾರೆ, ಹಬೆ ಬಿಡುವ ಸೌಕರ್ಯ ಇದ್ದರೆ ಅದನ್ನೂ ಮಾಡಿ. ಕಬ್ಬಿಣದಂಥ ಲೋಹ ಎರಡರಲ್ಲೂ ಒಂದೇ ಥರ ನಡೆದುಕೊಳ್ಳುವುದಿಲ್ಲ. ಮಾದರಿ ಕೆಲವೇ ಮಿಲಿಗ್ರಾಂ ಇರಲಿ, ತೆಳ್ಳಗೆ ಹರಡಿ. ಗುಡ್ಡೆ ಹಾಕಿದರೆ ನೀವು ಅಳೆಯುವುದು ಪ್ರತಿಕ್ರಿಯೆಯ ವೇಗವನ್ನಲ್ಲ, ಗ್ಯಾಸ್ ಒಳಗೆ ನುಸುಳುವ ವೇಗವನ್ನು. ಪಿಂಗಾಣಿ ಅಥವಾ ಅಲ್ಯುಮಿನಾ ಬಟ್ಟಲು ಬೇಡ, ಪೊಟ್ಯಾಸಿಯಂ ಆ ಬಟ್ಟಲಿನ ಜೊತೆಯೇ ಪ್ರತಿಕ್ರಿಯಿಸುತ್ತದೆ. ಪ್ಲಾಟಿನಂ ಬಟ್ಟಲು ಕೇಳಿ ತಗೊಳ್ಳಿ.

ಎಷ್ಟೋ ವರದಿಗಳು ವೇಗ ಎಷ್ಟು ಪಟ್ಟು ಹೆಚ್ಚಿತು ಅಂತ ಬರೆದು ಮುಗಿಸುತ್ತವೆ. ಬೆರೆಸಿದ ಲೋಹ ಕೊನೆಗೆ ಏನಾಯಿತು ಅಂತ ಹೇಳುವುದೇ ಇಲ್ಲ. ಇದು ನನಗೆ ಬೇಸರದ ಸಂಗತಿ. ನೀವು ಅದನ್ನು ಅಳೆಯಿರಿ. ಯಂತ್ರದ ಕೆಲವು ಮಿಲಿಗ್ರಾಂ ಇದಕ್ಕೆ ಸಾಲುವುದಿಲ್ಲ, ಕೊಳವೆ ಕುಲುಮೆಯಲ್ಲಿ ಕೆಲವು ಗ್ರಾಂ ಬೇರೆಯಾಗಿ ಮಾಡಿ. ಉಳಿದ ಬೂದಿಯನ್ನು ಬಿಸಿ ನೀರಿನಲ್ಲಿ ಕಲಸಿ, ಸೋಸಿ, ಆ ನೀರಿನಲ್ಲಿ ಎಷ್ಟು ಪೊಟ್ಯಾಸಿಯಂ ಇದೆ ಅಂತ ಫ್ಲೇಮ್ ಫೋಟೋಮೀಟರ್‌ನಲ್ಲಿ ನೋಡಿ. ಮಣ್ಣು ಪರೀಕ್ಷೆಯ ಪ್ರಯೋಗಾಲಯಗಳಲ್ಲಿ ಈ ಯಂತ್ರ ಸಾಮಾನ್ಯವಾಗಿ ಇರುತ್ತದೆ. ಹಾಕಿದ್ದೆಷ್ಟು, ನೀರಿಗೆ ಬಂದದ್ದೆಷ್ಟು, ಈ ಎರಡರ ವ್ಯತ್ಯಾಸದಲ್ಲಿ ಹೆಚ್ಚಿನ ಪಾಲು ಜೇಡಿ ನುಂಗಿದ್ದು, ಸ್ವಲ್ಪ ಆವಿಯಾಗಿ ಹೋದದ್ದು. ಖನಿಜ ಗುರುತಿಸುವ ಎಕ್ಸ್-ರೇ ಡಿಫ್ರಾಕ್ಷನ್ ಮಾಡಿಸಲು ಸಾಧ್ಯವಾದರೆ ಕಾಲಿಯೊಫಿಲೈಟ್ ಗೆರೆಗಳು ಬಂದಿವೆಯೇ ಹುಡುಕಿ. ತಾಲ್ಚೇರ್ ಅಥವಾ ಸಿಂಗರೇಣಿ ಮಾದರಿಗೂ ಲಿಗ್ನೈಟಿಗೂ ಈ ಅಂಕಿ ಪಕ್ಕಪಕ್ಕ ಇಟ್ಟರೆ, ಅದೇ ನಿಮ್ಮ ಪ್ರಾಜೆಕ್ಟಿನ ಮುಖ್ಯ ಪುಟ.

ಕುಲುಮೆಯಿಂದ ಬರುವ ಗ್ಯಾಸಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಪ್ರಾಣಕ್ಕೆ ಅಪಾಯ. ಹೊರಗಿನ ಕೊಳವೆ ಫ್ಯೂಮ್ ಹುಡ್‌ಗೆ ಸೇರಿರಲಿ, ಪಕ್ಕದಲ್ಲಿ ಅಲಾರಂ ಇರಲಿ. ಒಬ್ಬರೇ ಇದ್ದಾಗ ಕುಲುಮೆ ಹಚ್ಚಬೇಡಿ.